ಕರಿ ಬ್ಯಾಗಿನ ತಿಮ್ಮರಾಜಣ್ಣ

ಪಾಂಡವಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದೇ ಗೋಡೆ ಹಂಚಿಕೊಂಡ ಎರಡು ಅಂಗಡಿಗಳಿವೆ. ಒಂದು ನನ್ನದು. ಜೆರಾಕ್ಸ್, ಲ್ಯಾಮಿನೇಶನ್, ಫೋಟೋಗಳಿಗೆ ಕಟ್ಟು ಹಾಕುವುದು ನನ್ನ ಕೆಲಸ. ಇನ್ನೊಂದು ತಿಮ್ಮರಾಜಣ್ಣನ ಸ್ಟುಡಿಯೋ. ಹದಿನಾಲ್ಕು ವರ್ಷದಿಂದ ಆ ಗೋಡೆಗೆ ಈಚೆಯಿಂದ ನಾನು ಬೆನ್ನು ಕೊಟ್ಟು ಕೂತಿದ್ದೇನೆ, ಆಚೆಯಿಂದ ಅವರು. ಅವರು ಕೆಮ್ಮಿದರೆ ನನಗೆ ಕೇಳುತ್ತದೆ, ನಾನು ಗಿರಾಕಿಗೆ ಬೈದರೆ ಅವರಿಗೆ ಕೇಳುತ್ತದೆ. ದಿವ್ಯಂಗೆ ಬಾಯಿ ಜಾಸ್ತಿ ಅಂತ ಈ ಬೀದಿಯಲ್ಲಿ ಮಾತಿದೆ. ಇದೆ, ಅದಕ್ಕೇನೀಗ? ತಿಮ್ಮರಾಜಣ್ಣ ತಮ್ಮ ಬಗ್ಗೆ ತಾವು ಎರಡು ಮಾತು ಆಡುವವರಲ್ಲ. ಬಾಯಿ ಇರುವ ನಾನೇ ಹೇಳಬೇಕು.

ಅವರಿಗೀಗ ಅರವತ್ತೊಂದು. ಊರು ಕ್ಯಾತನಹಳ್ಳಿ. ಅಪ್ಪನ ಕಬ್ಬಿನ ಗದ್ದೆಯನ್ನು ತಮ್ಮನಿಗೆ ಬಿಟ್ಟುಕೊಟ್ಟು ಇಪ್ಪತ್ತರ ವಯಸ್ಸಿನಲ್ಲೇ ಕ್ಯಾಮೆರಾ ಹಿಡಿದರು. ಸ್ಟುಡಿಯೋದ ಗೋಡೆಗೆ ಆ ಕಾಲದ ಬಣ್ಣದ ಪರದೆ ಇನ್ನೂ ಇದೆ. ಅದರಲ್ಲಿ ಒಂದು ಕೊಳ, ಎರಡು ಹಂಸ, ಮೇಲೆ ಪೂರ್ತಿ ಚಂದ್ರ. ಪಾಸ್‌ಪೋರ್ಟ್ ಫೋಟೋಗೆ ಹಿಂದೆ ಬಿಳುಪು ಬೇಕಲ್ಲ, ಅದಕ್ಕೆ ಅದರ ಮೇಲೊಂದು ಬಿಳಿ ಬೆಡ್‌ಶೀಟ್ ಇಳಿಬಿಟ್ಟಿದ್ದಾರೆ. ಗಿರಾಕಿ ಇಲ್ಲದ ಮಧ್ಯಾಹ್ನ ಬೆಡ್‌ಶೀಟ್ ಪಕ್ಕಕ್ಕೆ ಸರಿಸಿ, ಕೊಳದ ಮುಂದಿನ ಸ್ಟೂಲಿನ ಮೇಲೆ ಕೂತು ಅರೆಗಣ್ಣು ಮಾಡಿಕೊಂಡಿರುತ್ತಾರೆ. ಅದು ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. "ಏನ್ ನೋಡ್ತಾ ಇದ್ದೀರಾ ರಾಜಣ್ಣ?" ಎಂದರೆ, "ಬೆಳ್ಕು ಇಳೀತಾ ಅದೆ ಕಣವ್ವ" ಅನ್ನುತ್ತಾರೆ. ಬಾಗಿಲಿನಿಂದ ಬರುವ ಬಿಸಿಲು ಚಂದ್ರನ ಮೇಲಿಂದ ಹಂಸದ ಮೇಲಕ್ಕೆ ಇಳಿಯಲು ಒಂದು ಗಂಟೆ ಬೇಕು. ಅಷ್ಟು ಹೊತ್ತೂ ನೋಡುತ್ತಾರೆ. ನನಗೆ ಮೈ ಉರಿಯುತ್ತದೆ, ಆದರೆ ಕೆಲವು ಸಲ ನಾನೂ ಹೋಗಿ ನಿಂತು ನೋಡಿದ್ದುಂಟು.

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಮೈ ತೊಳೆದು, ಹೂವು ಹಾಕಿ, ಮನೆ ಮುಂದೆ ಕುರ್ಚಿಯಲ್ಲಿ ಕೂರಿಸುತ್ತಾರೆ. ಮಕ್ಕಳು ಮೊಮ್ಮಕ್ಕಳು ಸುತ್ತ ನಿಂತು ಕೊನೆಯ ಫೋಟೋ ತೆಗೆಸಿಕೊಳ್ಳುತ್ತಾರೆ. ಮದುವೆಗಳಿಗೆ ಡ್ರೋನ್ ಹಾರಿಸುವವರು ಬಂದಮೇಲೆ ಮದುವೆಗಳೆಲ್ಲ ಅವರ ಪಾಲಾದವು, ಸಾವು ಮಾತ್ರ ತಿಮ್ಮರಾಜಣ್ಣನಿಗೆ ಉಳಿಯಿತು. ಎಲ್ಲರ ಕೈಯಲ್ಲೂ ಫೋನ್ ಇದೆಯಲ್ಲ ಎಂದು ನೀವು ಕೇಳಬಹುದು. ಸತ್ತವರ ಮುಖವನ್ನು ಫೋನಿನಲ್ಲಿಟ್ಟುಕೊಂಡು ಓಡಾಡಲು ಜನಕ್ಕೆ ಅಂಜಿಕೆ. ಸಂತೆಯಲ್ಲಿ ನಿಂತು ಯಾರಿಗೋ ಹಣ ಕಳಿಸಲು ಫೋನ್ ತೆಗೆದಾಗ ಕುರ್ಚಿಯಲ್ಲಿ ಕೂತ ಅಜ್ಜಿ ಕಾಣಿಸಿದರೆ ಹೇಗಿರುತ್ತದೆ, ಹೇಳಿ. ಹಾಗಾಗಿ ತಿಮ್ಮರಾಜಣ್ಣನಿಗೆ ಕರೆ ಹೋಗುತ್ತದೆ. ಅವರು ತೆಗೆಯುತ್ತಾರೆ, ನಾನು ಕಟ್ಟು ಹಾಕುತ್ತೇನೆ, ಅದು ಗೋಡೆ ಸೇರುತ್ತದೆ.

ಇಲ್ಲಿ ಬ್ಯಾಗಿನ ಮಾತು ಹೇಳಬೇಕು. ಇಪ್ಪತ್ತೆಂಟು ವರ್ಷದ ಹಿಂದೆ ಕೆ.ಆರ್.ಪೇಟೆಯ ಒಂದು ಮದುವೆಯಲ್ಲಿ, ಇನ್ನೇನು ಧಾರೆ ಎರೆಯಬೇಕು ಅನ್ನುವಾಗ, ಒಬ್ಬ ಮುದುಕಿ ಇವರ ಹೆಗಲಿನ ಬ್ಯಾಗು ನೋಡಿ, "ಇದು ನಮ್ಮೆಜಮಾನ್ರು ಹೋದಾಗ ಬಂದಿದ್ ಬ್ಯಾಗು" ಎಂದು ಗೊಳೋ ಎಂದು ಅತ್ತುಬಿಟ್ಟಳಂತೆ. ಛತ್ರದಲ್ಲಿ ಗದ್ದಲವೋ ಗದ್ದಲ. ಅಂದಿನಿಂದ ಇವರು ಎರಡು ಬ್ಯಾಗು ಇಟ್ಟರು, ಸಾವಿಗೆ ಕರಿ ಬ್ಯಾಗು, ಮದುವೆಗೆ ನೀಲಿ ಬ್ಯಾಗು. ಜನಕ್ಕೆ ಸಮಾಧಾನವಾಯಿತು. ಕ್ಯಾಮೆರಾ ಮಾತ್ರ ಎರಡಕ್ಕೂ ಒಂದೇ, ರೀಲಿನದು ಹೋಗಿ ಡಿಜಿಟಲ್ ಬಂದ ಮೇಲೂ ಒಂದೇ. ಇದು ಸುತ್ತಿನ ನಾಲ್ಕು ತಾಲ್ಲೂಕಿಗೂ ಗೊತ್ತು, ಒಬ್ಬರೂ ಕೇಳಿದವರಲ್ಲ. ಚಪ್ಪಲಿ ಹೊರಗೆ ಬಿಟ್ಟು ಅದೇ ಕಾಲನ್ನು ಒಳಗೆ ತರುತ್ತೇವಲ್ಲ, ಹಾಗೆ.

ಮದುವೆಗಳು ನಿಂತ ಮೇಲೆ ನೀಲಿ ಬ್ಯಾಗನ್ನು ಅಟ್ಟದ ಮೇಲೆ ಇಲಿ ತಿಂದುಹಾಕಿತು. ಉಳಿದದ್ದು ಕರಿ ಬ್ಯಾಗು. ಅದನ್ನು ಹಾಕಿಕೊಂಡು ತಿಮ್ಮರಾಜಣ್ಣ ಬೀದಿಗಿಳಿದರೆ ಟೀ ಅಂಗಡಿಯಲ್ಲಿ ಲೋಟಗಳು ಅರ್ಧದಲ್ಲೇ ನಿಲ್ಲುತ್ತವೆ. "ಯಾರ್ ಹೋದ್ರು ರಾಜಣ್ಣ?" ಎಂದು ಯಾರಾದರೂ ಕೇಳುತ್ತಾರೆ. ಬಸುರಿಯರು ಒಳಗೆ ಸರಿಯುತ್ತಾರೆ. ಒಂದು ಸಲ ಸಂತೆಗೆ ಚೀಲ ಮರೆತು ಹೋಗಿ, ಅದೇ ಬ್ಯಾಗಿಗೆ ಎರಡು ಕಿಲೋ ಬದನೆಕಾಯಿ ತುಂಬಿಕೊಂಡು ಬಂದರು. ಅಷ್ಟರಲ್ಲಿ ಮೂರು ಮನೆಯವರು ನೆಂಟರಿಗೆ ಫೋನ್ ಮಾಡಿ, ಎಲ್ಲರೂ ಚೆನ್ನಾಗಿದ್ದಾರಾ ಎಂದು ವಿಚಾರಿಸಿಯಾಗಿತ್ತು. ನಾನು ನಕ್ಕೆ. ಅವರು ನಗಲಿಲ್ಲ.

ಅವರ ಮಗ ಕುಮಾರ್ ಹಾಲಿನ ಡೈರಿಯ ಗಾಡಿ ಓಡಿಸುತ್ತಾನೆ. ಸೊಸೆ ಅರ್ಪಿತಳ ತವರು ನಾಗಮಂಗಲದ ಆಚೆ. ಮದುವೆಯಾಗಿ ಒಂಬತ್ತು ವರ್ಷ ಮಕ್ಕಳಿರಲಿಲ್ಲ. ಈ ವರ್ಷ ಗೌರಿಹಬ್ಬ ಕಳೆದ ಮೇಲೆ ಆದಿಚುಂಚನಗಿರಿಯ ಆಸ್ಪತ್ರೆಯಲ್ಲಿ ಹೆಣ್ಣು ಮಗುವಾಯಿತು. ಹೆಸರಿಡುವ ತನಕ ಇರಲಿ ಎಂದು ಎಲ್ಲರೂ ಚಿನ್ನು ಎಂದು ಕರೆಯತೊಡಗಿದರು. ತಿಮ್ಮರಾಜಣ್ಣ ಆಸ್ಪತ್ರೆಗೆ ಬರಿಗೈಯಲ್ಲಿ ಹೋಗಿ ಐದು ನಿಮಿಷ ನೋಡಿ ಬಂದರು. ಅವರ ಹೆಂಡತಿ ಬಾಣಂತನಕ್ಕೆ ಕೈಗೂಡಿಸಲು ಬೀಗರ ಮನೆಗೇ ಹೋಗಿ ಉಳಿದರು. ಕುಮಾರ್ ದಿನವಿಡೀ ಗಾಡಿಯ ಮೇಲೆ, ಮನೆಯಲ್ಲಿ ಇವರೊಬ್ಬರೇ.

ಕಾರ್ತೀಕದ ಮೊದಲ ವಾರ ಬೀಗಿತಿಯ ಫೋನ್ ಬಂತು. ಅರ್ಪಿತಳ ತಾಯಿ ಚಿಕ್ಕಬೋರಮ್ಮ ಗಟ್ಟಿ ಗಂಟಲಿನ ಹೆಂಗಸು, ಗಂಡ ಸತ್ತ ಮೇಲೆ ಒಬ್ಬಳೇ ಹೊಲ ಮನೆ ನಡೆಸಿದವಳು. ಸ್ಪೀಕರ್ ಬೇಕಿರಲಿಲ್ಲ, ಗೋಡೆಯ ಈಚೆಗೂ ಕೇಳಿತು.

"ಬೀಗ್ರೆ, ಬರೋ ಸ್ವಾಮಾರ ಬುಟ್ಟು ಅದರ್ ಮುಂದಿನ್ ಸ್ವಾಮಾರ ಮಗೀಗೆ ಹೆಸ್ರಿಡೋದು. ಫೋಟೋ ನೀವೇ ತೆಗೀಬೇಕು. ಒಂದ್ ಮಾತು, ತಪ್ ತಿಳ್ಕಬ್ಯಾಡಿ ಕಣಣ್ಣ. ಆ ಕರೀ ಬ್ಯಾಗ್ ಮಾತ್ರ ನಮ್ ಹೊಸ್ಲು ದಾಟ್ಬಾರ್ದು."

"ಆಯ್ತು ಕಣಕ್ಕ, ಹೊಸಾದ್ ತತ್ತೀನಿ" ಎಂದರು ಇವರು. ಫೋನ್ ಇಟ್ಟ ಮೇಲೆ ನನ್ನ ಅಂಗಡಿಗೆ ಬಂದು ನಿಂತರು. ಮುಖ ನೋಡಬೇಕಿತ್ತು, ದೀಪ ಹಚ್ಚಿದ ಹಾಗಿತ್ತು.

"ನಗೋ ಮುಖ ತೆಗ್ದು ಎಷ್ಟ್ ವರ್ಸ ಆಯ್ತು ಗೊತ್ತೇನವ್ವ?"

"ಪಾಸ್‌ಪೋರ್ಟ್ ಫೋಟೋಗೆ ದಿನಾ ಬರ್ತಾರಲ್ಲ?"

"ನೀನೇ ಆಚೆಯಿಂದ ಕೂಗ್ತೀಯಲ್ಲ, ನಗಬ್ಯಾಡಿ, ಅರ್ಜಿ ವಾಪಸ್ ಬತ್ತದೆ ಅಂತ."

ಅದು ನಿಜವೇ. ಆ ಮಗುವಿನ ಫೋಟೋ ತೆಗೆಯದೆ ಹೋದರೆ ಈ ಮನುಷ್ಯ ಕರಗಿಯೇ ಹೋಗುತ್ತಾರೆ ಎಂದು ನನಗೆ ಅವತ್ತೇ ಅನ್ನಿಸಿತು.

ಹೊಸ ಬ್ಯಾಗಿಗೆ ಒಂದು ತೊಡಕಿತ್ತು. ಅವರ ಬಲ ಭುಜ ಹಿಡಿದುಕೊಂಡಿದೆ. ಕೈ ಕಿವಿಗಿಂತ ಮೇಲೆ ಏಳುವುದಿಲ್ಲ, ಹಿಂದಕ್ಕಂತೂ ಹೋಗುವುದೇ ಇಲ್ಲ. ಕುಮಾರ್ ಮೈಸೂರಿನಿಂದ ಬೆನ್ನಿಗೆ ಹಾಕುವ ಬ್ಯಾಗು ತಂದುಕೊಟ್ಟ. ಒಳಗೆ ಲೆನ್ಸಿಗೊಂದು ಕೋಣೆ, ಫ್ಲ್ಯಾಶಿಗೊಂದು ಕೋಣೆ, ನಮ್ಮ ಮನೆಗಿಂತ ಹೆಚ್ಚು ಕೋಣೆಗಳು. ನೋಡಲು ಲಕ್ಷಣವಾಗಿತ್ತು. ಆದರೆ ಕ್ಯಾಮೆರಾ ಬೇಕೆಂದರೆ ಹೆಗಲಿನಿಂದ ಇಳಿಸಬೇಕು, ನೆಲದ ಮೇಲಿಡಬೇಕು, ಎರಡು ಚೈನು ಎಳೆಯಬೇಕು. ನಾನು ಗಡಿಯಾರ ನೋಡಿದೆ, ಮುಕ್ಕಾಲು ನಿಮಿಷ. ಅಷ್ಟರಲ್ಲಿ ಮಗು ನಕ್ಕು, ಅತ್ತು, ಮಲಗಿಯೂ ಇರುತ್ತದೆ. ಒಂಟಿ ಪಟ್ಟಿಯ ಜೋಳಿಗೆ ಬ್ಯಾಗು ತಂದರು. ಬಗ್ಗಿದಾಗಲೆಲ್ಲ ಅದು ಮುಂದಕ್ಕೆ ಬಂದು ಮಂಡಿಗೆ ಬಡಿಯುತ್ತಿತ್ತು. ಸೊಂಟಕ್ಕೆ ಕಟ್ಟುವ ಚಿಕ್ಕದು ತಂದರೆ ಕ್ಯಾಮೆರಾ ಒಳಗೆ, ಲೆನ್ಸ್ ಹೊರಗೆ. ಒಂದು ವಾರ ಇದೇ ಆಯಿತು. ಅವರು ಕೊಳದ ಮುಂದೆ ಕೂತು ಬ್ಯಾಗಿನ ಕನಸು ಕಾಣುತ್ತಿದ್ದರು. ಕೈ ತಾನಾಗಿ ಮಡಿಲಿನಿಂದ ಏಳುತ್ತಿತ್ತು, ಕಣ್ಣಿನ ಹತ್ತಿರ ಬರುತ್ತಿತ್ತು, ಬೆರಳು ಗುಂಡಿ ಒತ್ತುತ್ತಿತ್ತು. ಕೈಯಲ್ಲಿ ಏನೂ ಇರುತ್ತಿರಲಿಲ್ಲ.

"ಎದ್ದೇಳಿ. ಶ್ರೀರಂಗಪಟ್ಟಣಕ್ಕೆ ಹೋಗೋಣ, ಸರ್ದಾರ್ ಪಾಷಾ ಹತ್ರ" ಎಂದೆ.

ಸರ್ದಾರ್ ಪಾಷಾ ಕೋಟೆಯ ಹತ್ತಿರ ಸೀಟ್ ಹೊಲಿಯುವವನು. ಆಟೋ, ಟ್ರಾಕ್ಟರು, ಓಮ್ನಿ, ಯಾವುದರ ಸೀಟೇ ಹರಿಯಲಿ, ಅವನ ಹತ್ತಿರ ಬರುತ್ತದೆ. ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಪರದೆ. ನಾವು ತಂದ ಮೂರೂ ಬ್ಯಾಗುಗಳನ್ನು ನೋಡಿ ಅವನು ಮೂಗು ಮುರಿದ.

"ಇವೆಲ್ಲ ಬ್ಯಾಗ್ ನೋಡ್ಕಂಡ್ ಮಾಡಿರೋ ಬ್ಯಾಗು ಭಾಯ್. ಮನುಷ್ಯನ್ನ ನೋಡಿಲ್ಲ. ಇಲ್ಲಿ ನಿಂತ್ಕಳಿ. ಕಣ್ಣು ಮುಚ್ಚಿ. ಮಗು ನಗ್ತು! ಕೈ ಎಲ್ಲಿಗೆ ಹೋಯ್ತು?"

ತಿಮ್ಮರಾಜಣ್ಣನ ಕೈ ಬಲಗಡೆ, ಸೊಂಟದ ಮುಂದಕ್ಕೆ, ಹೊಕ್ಕುಳಿನಿಂದ ಒಂದು ಗೇಣು ಆಚೆ ಇಳಿಯಿತು. ಪಾಷಾ ಅಂಗಿಯ ಮೇಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿದ.

"ಇನ್ನೊಂದ್ಸಲ. ಮಗು ನಗ್ತು!"

ಕೈ ಅಲ್ಲಿಗೇ ಹೋಯಿತು. ಹತ್ತು ಸಲ ಮಾಡಿಸಿದ. ಬೀದಿಯಲ್ಲಿ ಹೋಗುವವರು ನಿಂತು ನೋಡತೊಡಗಿದರು. ಕಣ್ಣು ಮುಚ್ಚಿಕೊಂಡು ಅಂಗಡಿಯ ಮುಂದೆ ನಿಂತ ಮುದುಕ, "ಮಗು ನಗ್ತು, ಮಗು ನಗ್ತು" ಎಂದು ಕೂಗುವ ಇನ್ನೊಬ್ಬ. ನನಗೆ ನಾಚಿಕೆಯಾಗಿ ಆಚೆ ತಿರುಗಿಕೊಂಡೆ. ಮತ್ತೆ ತಿರುಗಿ ನೋಡಿದಾಗ ತಿಮ್ಮರಾಜಣ್ಣನ ಮುಚ್ಚಿದ ಕಣ್ಣಿನ ಕೆಳಗೆ ಒದ್ದೆಯಾಗಿತ್ತು. ಅವರಿಗೆ ಮಗು ನಿಜಕ್ಕೂ ಕಾಣುತ್ತಿತ್ತು.

"ಕೈ ಹೋದ್ ಕಡೆ ಬ್ಯಾಗಿನ್ ಬಾಯಿ ಇರ್ಬೇಕು. ಅಷ್ಟೇ ಇದ್ರ ಹಿಕ್ಮತ್, ಇದ್ರ ಗುಟ್ಟು" ಎಂದ ಪಾಷಾ. ಪಟ್ಟಿ ಎಡ ಭುಜದಿಂದ ಅಡ್ಡ ಬರಬೇಕು, ಅಂಗೈ ಅಗಲ ಇರಬೇಕು. ಸೊಂಟದ ಸುತ್ತ ಇನ್ನೊಂದು ಪಟ್ಟಿ ಬಂದರೆ ಭಾರ ಭುಜದ ಮೇಲೆ ಕೂರುವುದಿಲ್ಲ. ಒಳಗೆ ಹಳೇ ಬಸ್ ಸೀಟಿನ ಸ್ಪಂಜು. ಚೈನು ಬೇಡವೇ ಬೇಡ, ಮುಚ್ಚಳಕ್ಕೆ ಅಯಸ್ಕಾಂತದ ಗುಂಡಿ ಸಾಕು.

ಪರದೆಯ ಹಿಂದಿನಿಂದ ಅವನ ಹೆಂಡತಿ ಜಹೀರುನ್ನೀಸಾಳ ದನಿ ಬಂತು. "ಅಜೀ, ಮುಚ್ಚಳ ಹೊಟ್ಟೆ ಕಡೆ ತೆಗ್ಯೋ ಅಂಗೆ ಒಲೀರಿ. ಬಸ್ಸಲ್ಲಿ ನಾವು ಪರ್ಸ್ ಇಟ್ಕೊಳೋದು ಅಂಗೇ. ಆಚೆ ಕಡೆ ತೆಗುದ್ರೆ ಬಗ್ದಾಗ ಎಲ್ಲಾ ಚೆಲ್ಲೋಯ್ತದೆ."

ಪಾಷಾ ಮೊದಲು ಮುಖ ಗಂಟು ಹಾಕಿದ. ಆಮೇಲೆ ಒಂದು ರಟ್ಟನ್ನು ಮಡಚಿ ಹೊಟ್ಟೆಗೆ ಹಿಡಿದು, ಬಗ್ಗಿ, ಎದ್ದು ನೋಡಿದ. "ಹಾಂ, ಅವ್ಳ್ ಹೇಳೋದ್ ಕರೆಕ್ಟು" ಎಂದು ನಮಗೆ ಕೇಳದ ಹಾಗೆ ಹೇಳಿ ಗುರುತು ಬದಲಿಸಿದ. ಬಣ್ಣ ಯಾವುದಿರಲಿ ಎಂದಾಗ ತಿಮ್ಮರಾಜಣ್ಣ ಮೂಲೆಯಲ್ಲಿದ್ದ ರೆಕ್ಸಿನ್ ಸುರುಳಿ ತೋರಿಸಿದರು. ಅದು ಆಟೋ ಟಾಪಿಗೆ ಹಾಕುವ ಹಳದಿ. ಮಳೆ ನೀರು ಒಳಗಿಳಿಯುವುದಿಲ್ಲ. ಅರಿಶಿನದ ಬಣ್ಣ, ಬೀಗಿತಿಯೂ ಬೇಡ ಅನ್ನುವಂತಿಲ್ಲ.

ಬ್ಯಾಗು ಸಿದ್ಧವಾದ ಮೇಲೆ ಐದು ದಿನ ಅವರು ಅದನ್ನು ಹಾಕಿಕೊಂಡೇ ಇದ್ದರು. ಊಟಕ್ಕೂ ಬಿಚ್ಚಲಿಲ್ಲ. ಅದರೊಳಗೆ ಕೈ ಹೋಗಿ ಬರುವುದು ಮಜ್ಜಿಗೆಯಿಂದ ಬೆಣ್ಣೆ ತೆಗೆದ ಹಾಗಿತ್ತು. ಬೀದಿಯಲ್ಲಿ ಮೊದಲ ಸಲ ಯಾರೂ "ಯಾರ್ ಹೋದ್ರು" ಎಂದು ಕೇಳಲಿಲ್ಲ. ಒಬ್ಬ ಮಾತ್ರ, "ಏನ್ ರಾಜಣ್ಣ, ಆಟೋ ತಗಂಡ್ರಾ?" ಎಂದ.

ಸೋಮವಾರ ಬೆಳಿಗ್ಗೆ ಅವರ ಹಳೇ ಓಮ್ನಿಯಲ್ಲಿ ಹೊರಟೆವು. ನನ್ನನ್ನೂ ಕರೆದಿದ್ದರು. ನಾನು ರೇಷ್ಮೆ ಸೀರೆ ಉಟ್ಟಿದ್ದೆ. ಹನ್ನೊಂದಕ್ಕೆ ಹೆಸರಿಡುವುದು. ದಾರಿಯ ಎರಡೂ ಕಡೆ ಮಂಜು ಇನ್ನೂ ಎದ್ದಿರಲಿಲ್ಲ. ಸೂಲಂಗಿ ಬಿಟ್ಟ ಕಬ್ಬಿನ ಬಿಳಿ ಹೂವುಗಳು ಮಂಜಿನ ಮೇಲೆ ಬರೀ ತಲೆ ತೋರಿಸುತ್ತಿದ್ದವು, ಕೆಳಗೆ ಕಬ್ಬು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಎಲ್ಲೋ ಆಲೆಮನೆಯಲ್ಲಿ ಬೆಲ್ಲ ಕಾಯುತ್ತಿತ್ತು. ಆ ವಾಸನೆಗೆ ನನಗೆ ಕಣ್ಣು ಎಳೆಯತೊಡಗಿತು. ತಿಮ್ಮರಾಜಣ್ಣ ಗಾಡಿಯನ್ನು ಎತ್ತಿನಗಾಡಿಯ ಹಾಗೆ ಓಡಿಸುತ್ತಿದ್ದರು. ಈ ದಾರಿ ಮುಗಿಯದೆ ಹೀಗೇ ಹೋಗುತ್ತಿರಲಿ ಎಂದು ಅನ್ನಿಸುವಂಥ ಬೆಳಗು.

ಜಕ್ಕನಹಳ್ಳಿ ದಾಟಿದ ಮೇಲೆ ಫೋನ್ ಬಂತು. ಗಾಡಿ ನಿಲ್ಲಿಸಿ ಎತ್ತಿದರು. ಮುಂದಿನ ಹಳ್ಳಿಯ ದಾಸಯ್ಯ, ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವನು.

"ಅಣ್ಣಾ, ಅವ್ವ ಹೋಗ್ಬುಟ್ಲು. ಮದ್ಯಾನಕ್ಕೆ ಎತ್ತುಬುಡ್ತೀವಿ. ಅವ್ವಂದು ಒಂದೂ ಫೋಟೋ ಇಲ್ಲ ಕಣಣ್ಣ. ಬೇಗ ಬಾ."

ತಿಮ್ಮರಾಜಣ್ಣ ಫೋನ್ ಹಿಡಿದುಕೊಂಡೇ ಕೂತರು. ನನಗೆ ಸಿಟ್ಟು ಬಂತು. "ಇವತ್ತೊಂದಿನ ಆಗಲ್ಲ ಅಂದ್ಬುಡಿ. ಇನ್ಯಾರನ್ನಾರ ಕರ್ಕೊಳ್ಲಿ" ಎಂದೆ.

"ಇನ್ಯಾರ್ ಬತ್ತಾರ್ ಹೇಳವ್ವ?"

"ಹಂಗಾದ್ರೆ ಬ್ಯಾಗ್ ಇಲ್ಲೇ ಇರ್ಲಿ. ಕ್ಯಾಮೆರಾ ಒಂದನ್ನೇ ಕೈಲಿಟ್ಕೊಂಡು ಹೋಗಿ ಬನ್ನಿ. ಬ್ಯಾಗಿಗೆ ಏನೂ ಆಗಲ್ಲ."

ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಅವರು ತಲೆ ಅಲ್ಲಾಡಿಸಿದರು. "ಆ ಯಮ್ಮನ್ ತಲೆ ನಿಲ್ಲಿಸ್ಬೇಕು, ಸೆರಗ್ ಸರಿ ಮಾಡ್ಬೇಕು. ಎರಡ್ ಕೈನೂ ಬೇಕು ಕಣವ್ವ. ಕ್ಯಾಮೆರಾನ ನೆಲ್ದ್ ಮ್ಯಾಲೆ ಇಡ್ಲಾ?" ಎಂದು ಹಳದಿ ಬ್ಯಾಗನ್ನು ಸರಿಯಾಗಿ ಎಳೆದುಕೊಂಡು, ಸೊಂಟದ ಪಟ್ಟಿ ಬಿಗಿದರು.

ದಾಸಯ್ಯನ ಮನೆಯ ಮುಂದೆ ಗಾಡಿ ನಿಂತಾಗ ನಾನು ಇಳಿಯಲಿಲ್ಲ. ಇಳಿದರೆ ತಲೆಗೆ ನೀರು ಹಾಕಿಕೊಳ್ಳಬೇಕು, ಸೀರೆಯ ಗತಿ ಏನು ಎಂಬ ಯೋಚನೆ ನನಗೆ. ಕಿಟಕಿಯಿಂದಲೇ ನೋಡಿದೆ. ಹೊಂಗೆ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುದುಕಿಯನ್ನು ಕೂರಿಸಿದ್ದರು. ಇಷ್ಟೇ ಇಷ್ಟು ಜೀವ, ತಲೆ ಒಂದು ಕಡೆಗೆ ವಾಲಿತ್ತು. ಸುತ್ತ ಅಳುವವರು ಅಳುತ್ತಿದ್ದರು. ತಿಮ್ಮರಾಜಣ್ಣ ಹೋಗಿ ಅವಳ ಗಲ್ಲಕ್ಕೆ ಎರಡೂ ಕೈ ಕೊಟ್ಟು ಮೆಲ್ಲಗೆ ಎತ್ತಿ, ಕತ್ತಿನ ಹಿಂದೆ ಟವೆಲ್ಲು ಸಿಕ್ಕಿಸಿ, ಸೆರಗು ಎಳೆದು, ಹಣೆಗೆ ಅಂಟಿದ ಕೂದಲು ಸರಿಸಿದರು. ಬಗ್ಗಿ ಕಿವಿಯಲ್ಲಿ ಏನೋ ಹೇಳಿದರು. ಎರಡು ಹೆಜ್ಜೆ ಹಿಂದೆ ಬಂದರು. ಕೈ ಬ್ಯಾಗಿನೊಳಗೆ ಹೋದದ್ದೂ ಕಾಣಲಿಲ್ಲ, ಕ್ಯಾಮೆರಾ ಕಣ್ಣಿಗೆ ಬಂದದ್ದಷ್ಟೇ ಕಂಡಿತು. ಆ ಕ್ಷಣ ಅಳುವವರೂ ಸುಮ್ಮನಾದರು. ಮಂಜಿನಲ್ಲಿ ಅವರೆಲ್ಲ ಆ ಮುದುಕಿ ಕಾಣುತ್ತಿರುವ ಕನಸಿನ ಜನ ಎಂದು ನನಗೆ ತೋರಿತು. ಅವಳು ಎದ್ದರೆ ಅವರೆಲ್ಲ ಮಾಯವಾಗಿಬಿಡುತ್ತಾರೆ ಅನ್ನಿಸಿ ನಾನು ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ವಾಪಸ್ ಬಂದು ಗಾಡಿ ಹತ್ತಿದಾಗ ಕೇಳಿದೆ, "ಕಿವೀಲಿ ಏನ್ ಹೇಳಿದ್ರಿ?"

"ಅವ್ವಾ, ಒಂದ್ ಗಳಿಗೆ ಇಂಗೇ ಇರು ಅಂದೆ."

"ಅವ್ರಿಗೆ ಕೇಳ್ಸಿತಾ?"

"ಇದ್ಲಲ್ಲ, ಅಂಗೇ" ಎಂದರು.

ನಾಗಮಂಗಲ ಬರುವ ತನಕ ನಾನು ಒಂದೇ ಸಮನೆ ಉಪದೇಶ ಮಾಡಿದೆ. ಯಾರಿಗೂ ಹೇಳಬೇಡಿ. ಬಾವಿಯ ಹತ್ತಿರ ಇಳಿದು ಕೈಕಾಲು ತೊಳೆದುಕೊಳ್ಳಿ, ಸಾಕು. ಬ್ಯಾಗು ಹೊಸದು, ಬಣ್ಣ ಅರಿಶಿನ, ಯಾರಿಗೆ ಗೊತ್ತಾಗುತ್ತದೆ? ಒಂಬತ್ತು ವರ್ಷದ ಮೇಲೆ ಹುಟ್ಟಿದ ಮಗು, ಒಂದು ಫೋಟೋ ತೆಗೆದು ಬರೋಣ. ನನ್ನ ಮಾತು ಅವರಿಗೆ ರೇಡಿಯೋ ಇದ್ದ ಹಾಗೆ.

ಬೀಗರ ಮನೆಯ ಮುಂದೆ ಹಸಿ ತೆಂಗಿನ ಗರಿಯ ಚಪ್ಪರ. ಒಳಗಿನಿಂದ ಹೆಂಗಸರ ನಗು, ಪಾಯಸದ ಏಲಕ್ಕಿ ಘಮ. ನಾನು ಇಳಿದು ಮುಂದೆ ನಡೆದೆ. ಹಿಂತಿರುಗಿ ನೋಡಿದರೆ ತಿಮ್ಮರಾಜಣ್ಣ ಚಪ್ಪರದ ಆಚೆ, ಬಿಸಿಲಿನಲ್ಲಿ, ಎರಡೂ ಕೈ ಬ್ಯಾಗಿನ ಮೇಲಿಟ್ಟುಕೊಂಡು ನಿಂತಿದ್ದರು. ಕುಮಾರ್ ಕರೆದರೂ ಬರಲಿಲ್ಲ. ಕೊನೆಗೆ ಚಿಕ್ಕಬೋರಮ್ಮನೇ ಬಂದಳು.

"ಅಕ್ಕ, ನಾನ್ ಒಳಕ್ ಬರಕಿಲ್ಲ. ದಾರೀಲಿ ಒಂದ್ ಸಾವಿನ್ ಮನೆ ಆಯ್ತು. ಈ ಹೊಸಾ ಬ್ಯಾಗ್ನೂ ಅಲ್ಗೇ ಆಕ್ಕಂಡ್ ಹೋಗ್ಬುಟ್ಟೆ."

"ಅಪ್ಪಾ, ಇವತ್ತೂನಾ?" ಎಂದು ಕುಮಾರ್ ತಲೆ ಮೇಲೆ ಕೈ ಇಟ್ಟುಕೊಂಡ. ನಾನಂತೂ ಮನಸ್ಸಿನಲ್ಲೇ ತಿಮ್ಮರಾಜಣ್ಣನನ್ನು ಚೆನ್ನಾಗಿ ಬೈದೆ.

ಚಿಕ್ಕಬೋರಮ್ಮ ಹಳದಿ ಬ್ಯಾಗನ್ನು ನೋಡಿದಳು, ಬೀಗರ ಮುಖ ನೋಡಿದಳು. "ಯೋಳ್ದೆ ಬಂದಿದ್ರೆ ನಂಗ್ ಗೊತ್ತಾಯ್ತಿತ್ತಾ?"

"ಇಲ್ಲ."

"ಮತ್ಯಾಕ್ ಯೋಳುದ್ರಿ?"

"ಮಗು ಅಲ್ವೇನಕ್ಕ" ಎಂದರು.

ಅವಳು ಬ್ಯಾಗಿನ ಕಡೆ ಬೆರಳು ಮಾಡಿದಳು. ಆಮೇಲೆ, ಇಪ್ಪತ್ತೆಂಟು ವರ್ಷದಲ್ಲಿ ಒಬ್ಬರೂ ಕೇಳದ ಮಾತನ್ನು ಕೇಳಿದಳು. "ಬ್ಯಾಗ್ ಯಾವ್ದಾರ ಆಗ್ಲಿ, ಕ್ಯಾಮೆರಾ ಮೊದ್ಲಿಂದ್ಲೂ ಒಂದೇ ಅಲ್ವ?"

"ಒಂದೇ ಕಣಕ್ಕ."

"ನಂಗೊತ್ತಿತ್ತು ಬುಡಿ. ಎಲ್ರಿಗೂ ಗೊತ್ತು" ಎಂದಳು ಚಿಕ್ಕಬೋರಮ್ಮ. "ಒಂಬತ್ ವರ್ಸ ಕಾದಿವ್ನಿ ಕಣಣ್ಣ. ದಿನಾ ಎದ್ರುಕೆ. ಏನಾರ ಒಂದ್ನ ತಡೀಬೇಕಿತ್ತು. ಬ್ಯಾಗ್ ಕಣ್ಣಿಗ್ ಬಿತ್ತು, ಬ್ಯಾಗ್ನೇ ತಡುದೆ. ಹೋಗಿ, ಮೊದ್ಲು ನೀರ್ ಉಯ್ಕಳಿ."

ಕೊಟ್ಟಿಗೆಯ ಪಕ್ಕದ ತೊಟ್ಟಿಯಿಂದ ಕುಮಾರ್ ಅಪ್ಪನ ತಲೆಗೆ ನೀರು ಸುರಿದ. ಬ್ಯಾಗು ಜಗಲಿಯ ಆಚೆ ಕಲ್ಲಿನ ಮೇಲಿತ್ತು. ಒಣ ಪಂಚೆ ಉಟ್ಟು, ತಲೆ ಒರೆಸಿಕೊಳ್ಳುತ್ತಿದ್ದವರ ಹತ್ತಿರ ಅವಳು ಮತ್ತೆ ಬಂದಳು.

"ಯಾರ್ ಹೋಗಿದ್ದು?"

"ದಾಸಯ್ಯ ಅಂತ, ಅವ್ನ್ ತಾಯಿ. ಅವ್ಳ್ದು ಆಧಾರ್ ಕಾರ್ಡಿಂದ್ ಬುಟ್ರೆ ಇನ್ನೊಂದ್ ಫೋಟೋ ಇರ್ನಿಲ್ಲ."

"ನಂದೂ ಇಲ್ಲ" ಎಂದಳು ಚಿಕ್ಕಬೋರಮ್ಮ.

"ಮಕ್ಳ ಮದ್ವೇಲಿ ನಾನೇ ತೆಗ್ದಿದ್ನಲ್ಲಕ್ಕ, ಅಷ್ಟೊಂದು..."

"ಗಂಡ ಸತ್ತೋಳು ಅಂತ ನಾನ್ ಅಡ್ಗೆ ಮನೇಲೇ ಇದ್ದೆ. ನೀವ್ ಅತ್ತಾಗ್ ಬರ್ಲಿಲ್ಲ."

ತಿಮ್ಮರಾಜಣ್ಣನ ಕೈಯಲ್ಲಿನ ಟವೆಲ್ಲು ಹಾಗೇ ನಿಂತಿತು. ಎರಡು ಆಲ್ಬಂ ತುಂಬ ತೆಗೆದ ಮದುವೆ ಅದು. ಅಷ್ಟು ಫೋಟೋಗಳಲ್ಲಿ ಹುಡುಗಿಯ ತಾಯಿ ಇಲ್ಲವೆಂಬುದು ಒಂಬತ್ತು ವರ್ಷ ಅವರಿಗೆ ಹೊಳೆದಿರಲಿಲ್ಲ. ಆಲ್ಬಮ್ಮಿಗೆ ರಟ್ಟು ಹಾಕಿದ ನನಗೂ ಹೊಳೆದಿರಲಿಲ್ಲ.

"ನಾಳೆ ನನ್ನೂ ಕುರ್ಚೀಲಿ ಕೂರ್ಸಿ ತೆಗೀತೀರಿ" ಎಂದಳು ಅವಳು. "ಅದು ಊರಿಗೆಲ್ಲ ಕಾಣ್ತದೆ, ನಂಗ್ ಕಾಣಕಿಲ್ಲ. ಈಗ್ಲೇ ತೆಗ್ದ್ಬುಡಿ, ನಾನೂ ನೋಡ್ತೀನಿ. ಮಗಾನ ತೊಡೆ ಮ್ಯಾಲೆ ಆಕ್ಕತೀನಿ."

"ಹೆಸರಿಡೋ ಗಳಿಗೆ ಮೀರ್ತದೆ ಕಣವ್ವ" ಎಂದು ಒಳಗಿನಿಂದ ಅರ್ಪಿತ ಕೂಗಿದಳು.

"ಮೀರ್ಲಿ."

ಅರ್ಪಿತ ಮಗುವನ್ನು ಎತ್ತಿಕೊಂಡು ಬಂದಳು. ತಿಮ್ಮರಾಜಣ್ಣ ಬರಿಮೈಯಲ್ಲಿ, ಒದ್ದೆ ತಲೆಯಲ್ಲಿ ನಿಂತಿದ್ದರು. ಅವರ ಬಲಗೈ ಸೊಂಟದ ಹತ್ತಿರ ಹೋಗಿ, ಏನೂ ಸಿಗದೆ ವಾಪಸ್ ಬಂತು. ಚಿಕ್ಕಬೋರಮ್ಮ ಅದನ್ನು ನೋಡಿದಳು. ಕಲ್ಲಿನ ಹತ್ತಿರ ಹೋಗಿ, ಒಂದು ಕ್ಷಣ ನಿಂತು, ಹಳದಿ ಬ್ಯಾಗನ್ನು ತಾನೇ ಎತ್ತಿಕೊಂಡು ಬಂದು ಕೊಟ್ಟಳು.

"ಆಕ್ಕಳಿ. ಇದಿಲ್ದೆ ನಿಮ್ ಕೈಗೆ ದಾರಿ ಗೊತ್ತಾಗಕಿಲ್ಲ. ಒಳಕ್ ಬನ್ನಿ, ಈ ಬಿಸ್ಲಿಗೆ ಮಗು ಕಣ್ ಬುಡಕಿಲ್ಲ."

ಅವರು ಹೊಸಿಲು ದಾಟಿದರು. ನಡುಮನೆಯಲ್ಲಿ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿ ಚಿಕ್ಕಬೋರಮ್ಮ ಕೂತಳು, ಸೆರಗು ಹೊದ್ದಳು, ಚಿನ್ನುವನ್ನು ತೊಡೆಯ ಮೇಲಿಟ್ಟುಕೊಂಡಳು. ಕಿಟಕಿಯ ಬೆಳಕು ಅಡುಗೆಮನೆಯ ಹೊಗೆಯಲ್ಲಿ ಹಾದು ನಿಧಾನವಾಗಿ ಬಂದು ಇಬ್ಬರ ಮೇಲೂ ಕೂತಿತು. ತಿಮ್ಮರಾಜಣ್ಣ ಮಂಡಿಯೂರಿ ಅವರನ್ನು ನೋಡುತ್ತಲೇ ಇದ್ದರು. ಅವರು ಸ್ಟುಡಿಯೋದ ಸ್ಟೂಲಿನ ಮೇಲೆ ಕೂತಿದ್ದಾರೋ, ಇಲ್ಲಿದ್ದಾರೋ ಎಂದು ನನಗೇ ಅನುಮಾನವಾಯಿತು. ಮಗು ಬಾಯಿ ಅಗಲಿಸಿತು. ಅದು ನಗುವೋ ಆಕಳಿಕೆಯೋ ಯಾರಿಗೂ ಗೊತ್ತಾಗುವ ಮೊದಲೇ ಕ್ಯಾಮೆರಾ ಕಣ್ಣಿಗೆ ಬಂದು ಟಿಕ್ ಎಂದಿತು.

"ತೋರ್ಸಿ" ಎಂದಳು ಚಿಕ್ಕಬೋರಮ್ಮ.

ಅವರು ಹತ್ತಿರ ಹೋಗಿ ಕ್ಯಾಮೆರಾದ ಹಿಂಬದಿ ತೋರಿಸಿದರು. ಅವಳು ಮಗುವನ್ನು ನೋಡಿದಳು. ಬೆರಳನ್ನು ಗಾಜಿನ ಮೇಲಿಟ್ಟು ತನ್ನನ್ನೂ ನೋಡಿಕೊಂಡಳು. ಬಹಳ ಹೊತ್ತು ನೋಡಿದಳು.

"ಕಣ್ ಮುಚ್ಕಂಡ್ಬುಟ್ಟಿವ್ನಿ ಕಣಣ್ಣ" ಎಂದಳು. "ಇದ್ ಬ್ಯಾಡ. ಇನ್ನೂ ಇವ್ನಿ, ಇನ್ನೊಂದ್ ತೆಗೀರಿ."

ಅವರು ಇನ್ನೊಂದು ತೆಗೆದರು.